ಶುಗರ್ ಎಷ್ಟು ಎಂದಷ್ಟೇ ಕೇಳಿದರೆ ಸಾಲದು
(ಮಠದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

 

ನಾನು ವೈದ್ಯನಲ್ಲ. ನೀರು, ಒತ್ತಡ, ಫಿಲ್ಟರ್ ಇವುಗಳ ಲೆಕ್ಕದಲ್ಲೇ ಸರ್ಕಾರಿ ಸೇವೆ ಮುಗಿಸಿದ ಇಂಜಿನಿಯರ್. ಸಕ್ಕರೆ ಕಾಯಿಲೆಯವರು ನಾಲ್ಕು ಜನ ಸೇರಿದರೆ ಒಂದೇ ಮಾತು: "ನಿಮ್ಮ ಶುಗರ್ ಎಷ್ಟು?" ಆದರೆ ಈ ಕಾಯಿಲೆಯಲ್ಲಿ ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ಹೃದಯದಿಂದ, ಮೂತ್ರಪಿಂಡದಿಂದ. ಅವುಗಳನ್ನು ವಿಚಾರಿಸುವವರು ಕಡಿಮೆ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿನ ಸಕ್ಕರೆಯನ್ನು ಉಪ್ಪಿನೊಡನೆ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಇದನ್ನು ತಡೆಯುತ್ತವೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ. ಮುಂದೆ ಹರಿದು ಬಂದ ಉಪ್ಪನ್ನು ಗುರುತಿಸಿದ ಮೂತ್ರಪಿಂಡ, ರಕ್ತ ಒಳಬರುವ ನಾಳವನ್ನು ತುಸು ಬಿಗಿಮಾಡುತ್ತದೆ. ಫಿಲ್ಟರಿನ ಮೇಲಿನ ಒತ್ತಡ ಇಳಿಯುತ್ತದೆ. ಅತಿ ಒತ್ತಡದಲ್ಲಿ ಓಡುವ ಫಿಲ್ಟರ್ ಬೇಗ ಕೆಡುತ್ತದೆ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹೀಗಾಗಿ ಆರಂಭದ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಹೆದರಿ ನೀವೇ ಮಾತ್ರೆ ಬಿಡದೆ ವೈದ್ಯರನ್ನು ಕೇಳಿ.

2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯೊಡನೆ ಹೃದ್ರೋಗವೂ ಇದ್ದ ಸುಮಾರು 7,000 ಜನರಿದ್ದರು. ಎಂಪಾಗ್ಲಿಫ್ಲೋಜಿನ್ ಪಡೆದವರಲ್ಲಿ ಹೃದಯ, ರಕ್ತನಾಳ ಸಂಬಂಧಿ ಸಾವು ಶೇ. 38ರಷ್ಟು ಕಡಿಮೆಯಿತ್ತು. 2019 ಮತ್ತು 2020ರ ಡಾಪಾಗ್ಲಿಫ್ಲೋಜಿನ್ ಅಧ್ಯಯನಗಳಲ್ಲಿ, ಸಕ್ಕರೆ ಕಾಯಿಲೆಯೇ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಮೂತ್ರಪಿಂಡದ ರೋಗಿಗಳಿಗೂ ಲಾಭವಾಯಿತು. ಅಂದರೆ ಗುಣ ಶುಗರ್ ಇಳಿಸುವುದರಲ್ಲಷ್ಟೇ ಇಲ್ಲ.

ದುಬಾರಿಯೆಂದು ಹಿಂದೆ ಕೈಬಿಟ್ಟವರು ಈಗ ಮತ್ತೆ ವಿಚಾರಿಸಿ. ನಮ್ಮ ದೇಶದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ.

ಎಚ್ಚರಿಕೆಯೂ ಬೇಕು. ಶಿವರಾತ್ರಿಯಂತಹ ನಿರಾಹಾರ ಉಪವಾಸ, ವಾಂತಿ ಭೇದಿ, ಶಸ್ತ್ರಚಿಕಿತ್ಸೆ ಇರುವಾಗ ಇದನ್ನು ನಿಲ್ಲಿಸಬೇಕಾಗುತ್ತದೆ. ಯಾವಾಗ, ಎಷ್ಟು ದಿನ ಎಂಬುದನ್ನು ವೈದ್ಯರಿಂದ ಮೊದಲೇ ತಿಳಿದಿರಿ. ಇಲ್ಲದಿದ್ದರೆ ಶುಗರ್ ಹೆಚ್ಚಿರದಿದ್ದರೂ ರಕ್ತದಲ್ಲಿ ಆಮ್ಲ ಏರಿ ಪ್ರಾಣಾಪಾಯವಾಗಬಹುದು. ಗುಪ್ತಾಂಗದಲ್ಲಿ ತುರಿಕೆ ಬಂದರೆ ಸಂಕೋಚ ಪಡದೆ ಹೇಳಿ, ಚಿಕಿತ್ಸೆ ಸುಲಭ. ಚಿಕ್ಕಂದಿನಿಂದ ಇನ್ಸುಲಿನ್ ಮೇಲೇ ಇರುವ ಟೈಪ್ 1 ರೋಗಿಗಳಿಗೆ ಈ ಮಾತ್ರೆ ಸಾಮಾನ್ಯವಾಗಿ ಕೊಡುವುದಿಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ಯಾರೂ ಕೊಳ್ಳಬೇಡಿ.

ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಎರಡು ಪರೀಕ್ಷೆ ಕೇಳಿ: ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್. ಫಲಿತಾಂಶ ಮುಂದಿಟ್ಟು ಒಂದೇ ಪ್ರಶ್ನೆ ಹಾಕಿ: "ನನ್ನ ಹೃದಯ, ಮೂತ್ರಪಿಂಡ ಕಾಯುವ ಮಾತ್ರೆ ನನಗೆ ಹೊಂದುತ್ತದೆಯೇ?" ಡಯಾಲಿಸಿಸ್ ಬಾಗಿಲಿಗೆ ಹೋದ ಮೇಲೆ ಕೇಳುವ ಪ್ರಶ್ನೆ ಇದಲ್ಲ, ಇಂದೇ ಕೇಳುವಂಥದ್ದು.