ಪುಸ್ತಕಕ್ಕೊಂದು ಸ್ಥಾನ, ಓದುಗನಿಗೊಂದು ದಾರಿ



ನಮ್ಮ ಶಾಲೆಗಳಿಗೆ ಪುಸ್ತಕ ಕೊಡುವ ದೊಡ್ಡ ಮನಸ್ಸಿನವರು ಎಲ್ಲ ಕಾಲದಲ್ಲೂ ಇದ್ದಾರೆ. ನಿವೃತ್ತರಾದ ಮೇಷ್ಟ್ರು ತಮ್ಮ ಜೀವಮಾನದ ಸಂಗ್ರಹವನ್ನೇ ಕೊಡುತ್ತಾರೆ. ತೀರಿಕೊಂಡ ತಂದೆಯ ಪುಸ್ತಕಗಳನ್ನು ಮಕ್ಕಳು ಸವಾಬಿನ ಆಸೆಯಿಂದ ತಂದು ಒಪ್ಪಿಸುತ್ತಾರೆ. ಅವೆಲ್ಲ ಬೀರು ಸೇರುತ್ತವೆ. ಆಮೇಲೇನು? ಯಾವ ಬೀರುವಿನಲ್ಲಿ ಏನಿದೆ ಎಂದು ತಿಳಿಯುವ ದಾರಿಯಿಲ್ಲದಿದ್ದರೆ, ಹುಡುಕಿಕೊಂಡು ಬಂದ ಮಗುವಿನ ಪಾಲಿಗೆ ಆ ಪುಸ್ತಕ ಶಾಲೆಯಲ್ಲಿ ಇಲ್ಲವೇ ಇಲ್ಲ. ದಾನವಾಗಿ ಬಂದ ಪುಸ್ತಕ ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಓದುಗನಿಗೆ ತಲುಪಿಸುವುದು ಆ ಅಮಾನತ್ತಿನ ಹಕ್ಕು.

ಉರ್ದು, ಕನ್ನಡ ಪಾಠಗಳ ಜೊತೆಗೆ ಗ್ರಂಥಾಲಯದ ಹೊಣೆಯೂ ಬಂದಾಗ ನಾನು ಮತ್ತೆ ವಿದ್ಯಾರ್ಥಿಯಾಗಿ ಕುಳಿತು ಸೂಚೀಕರಣ, ಅಂದರೆ ಕ್ಯಾಟಲಾಗ್ ಮಾಡುವ ವಿದ್ಯೆಯನ್ನು ಕಲಿಯಬೇಕಾಯಿತು. ಅದರಲ್ಲಿ ನಿಮಗೆ ಉಪಯೋಗವಾಗುವಷ್ಟನ್ನು ಹೇಳುತ್ತೇನೆ.

ಬಹಳಷ್ಟು ಶಾಲೆಗಳಲ್ಲಿ ಅಕ್ಸೆಷನ್ ರಿಜಿಸ್ಟರ್ ಇರುತ್ತದೆ. ಬಂದ ಪುಸ್ತಕಕ್ಕೆಲ್ಲ ಅದರಲ್ಲಿ ಒಂದು ಕ್ರಮಸಂಖ್ಯೆ. ಒಂದೇ ಪುಸ್ತಕದ ಎರಡು ಪ್ರತಿ ಬಂದರೆ ಎರಡು ಸಂಖ್ಯೆ. ಇದು ಆಸ್ತಿಯ ಲೆಕ್ಕ. ಆಡಳಿತ ಮಂಡಳಿಗೆ, ತನಿಖೆಗೆ ಬೇಕು. ಓದುಗನಿಗೆ ಬೇಕಾದದ್ದು ಕ್ಯಾಟಲಾಗ್. ಅವನು ಮೂರು ಬಗೆಯಲ್ಲಿ ಕೇಳುತ್ತಾನೆ: ಈ ಲೇಖಕರ ಪುಸ್ತಕ ಇದೆಯೇ? ಈ ಹೆಸರಿನ ಪುಸ್ತಕ ಇದೆಯೇ? ಈ ವಿಷಯದ ಮೇಲೆ ಏನಿದೆ? ಆದ್ದರಿಂದ ಹಿಂದೆ ಒಂದು ಪುಸ್ತಕಕ್ಕೆ ಕನಿಷ್ಠ ಮೂರು ಕಾರ್ಡು ಬರೆಯುತ್ತಿದ್ದರು. 12.5 ಸೆಂ.ಮೀ. ಅಗಲ, 7.5 ಸೆಂ.ಮೀ. ಎತ್ತರದ ಕಾರ್ಡು, ಕೆಳಗಿನ ತೂತಿನಲ್ಲಿ ಒಂದು ಸರಳು. ಇಂದು ಕೋಹಾ, ಇ-ಗ್ರಂಥಾಲಯದಂತಹ ತಂತ್ರಾಂಶದಲ್ಲಿ ಒಮ್ಮೆ ದಾಖಲಿಸಿದರೆ ಮೂರೂ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆದರೆ ಏನನ್ನು ದಾಖಲಿಸಬೇಕು ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುವುದಿಲ್ಲ.

ಮೊದಲ ತೀರ್ಮಾನ ಹೆಸರಿನದು. ಕುವೆಂಪು ಎಂದು ಹುಡುಕುವವರೂ ಇದ್ದಾರೆ, ಪುಟ್ಟಪ್ಪ ಎಂದು ಹುಡುಕುವವರೂ ಇದ್ದಾರೆ. ಒಂದು ಹೆಸರನ್ನು ನೆಲೆಗೊಳಿಸಿ, ಇನ್ನೊಂದರ ಬಳಿ "ಕುವೆಂಪು ನೋಡಿ" ಎಂದು ಬರೆಯಬೇಕು. ಉರ್ದು ಕವಿಗಳನ್ನು ನಾವು ತಖಲ್ಲುಸ್‌ನಿಂದಲೇ ಬಲ್ಲೆವು. ಅಸದುಲ್ಲಾ ಖಾನ್ ಎಂದು ಬರೆದಿಟ್ಟರೆ ಗಾಲಿಬ್ ಯಾರಿಗೆ ಸಿಕ್ಕಾನು? ಕೊನೆಯ ಪದವೇ ಮನೆತನದ ಹೆಸರೆಂಬ ಪಾಶ್ಚಾತ್ಯ ಲೆಕ್ಕ ಹಿಡಿದರೆ ಕೆ.ಎಸ್. ನಿಸಾರ್ ಅಹಮದರು 'ಅಹಮದ್' ಎಂದು 'ಅ'ಕಾರಕ್ಕೆ ಹೋಗುತ್ತಾರೆ. ಕನ್ನಡದ ಮಗು ಹುಡುಕುವುದು 'ನಿ'ಯಲ್ಲಿ. ಜನ ಯಾವ ಹೆಸರಿನಿಂದ ಕರೆಯುತ್ತಾರೋ ಆ ಹೆಸರು ಮೊದಲು ಬರಬೇಕು.

ವಿವರಗಳನ್ನು ಹೊದಿಕೆಯಿಂದಲ್ಲ, ಶೀರ್ಷಿಕೆ ಪುಟದಿಂದ ತೆಗೆದುಕೊಳ್ಳಬೇಕು. ಉರ್ದು ಪುಸ್ತಕದಲ್ಲಿ ಆ ಪುಟ ಬಲಬದಿಯಿಂದ ತೆರೆದರೆ ಸಿಗುತ್ತದೆ. ಹಿಜರಿ ವರ್ಷ ಮಾತ್ರ ಇದ್ದರೆ ಪಕ್ಕದಲ್ಲಿ ಕ್ರಿಸ್ತಶಕವನ್ನೂ ಬರೆದರೆ ಓದುಗನಿಗೆ ಅನುಕೂಲ.

ಎರಡನೆಯ ತೀರ್ಮಾನ ವಿಷಯದ್ದು. ನಮ್ಮ ಶಾಲೆಗಳು ಹೆಚ್ಚು ಗಮನಿಸಬೇಕಾದ ಮಾತು ಇದು. ಉರ್ದುವಿನಲ್ಲಿರುವುದನ್ನೆಲ್ಲ 'ದೀನಿ ಪುಸ್ತಕ' ಎಂದು ಒಂದೇ ಬೀರುವಿಗೆ ತುಂಬುವ ರೂಢಿ ಇದೆ. ಆಗ ಉರ್ದುವಿನ ಗಣಿತ, ಆರೋಗ್ಯ, ಭೂಗೋಳದ ಪುಸ್ತಕಗಳೂ ಅಲ್ಲೇ ಹುದುಗಿಹೋಗುತ್ತವೆ. ಉರ್ದು ಎಂದರೆ ಧರ್ಮ ಮಾತ್ರ, ವಿಜ್ಞಾನ ಬೇಕಾದರೆ ಬೇರೆ ಭಾಷೆ ಎಂಬ ಪಾಠವನ್ನು ಆ ಬೀರು ಮಗುವಿಗೆ ಮಾತಿಲ್ಲದೆ ಕಲಿಸುತ್ತದೆ.

1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ರೂಪಿಸಿದ ದಶಮಾಂಶ ವರ್ಗೀಕರಣದಲ್ಲಿ ವಿಷಯಕ್ಕೆ ಅಂಕಿ ಇದೆ. ಗಣಿತ 510, ಭಾರತದ ಇತಿಹಾಸ 954. ಪುಸ್ತಕ ಉರ್ದುವಿನಲ್ಲಿರಲಿ, ಕನ್ನಡದಲ್ಲಿರಲಿ, ಗಣಿತಕ್ಕೆ 510 ಬದಲಾಗದು. ಅಲಿಫ್-ಬೇ ಓದುವ ಮಗುವೂ ಅ-ಆ ಓದುವ ಮಗುವೂ ಆ ಅಂಕಿಯನ್ನು ಓದಬಲ್ಲರು. ಒಂದೇ ಕಪಾಟಿನ ಮುಂದೆ ಬಂದು ನಿಲ್ಲಬಲ್ಲರು. ಸಾಹಿತ್ಯಕ್ಕೆ ಮಾತ್ರ ಭಾಷೆಯ ಲೆಕ್ಕ: ಕನ್ನಡ ಸಾಹಿತ್ಯ 894.814, ಉರ್ದು ಸಾಹಿತ್ಯ 891.439. ಅನುವಾದವಾದರೆ ಮೂಲಭಾಷೆಯ ಅಂಕಿ. ಗಾಲಿಬ್ ಕವಿತೆಗಳ ಕನ್ನಡ ಅನುವಾದ ಉರ್ದು ದೀವಾನಿನ ಪಕ್ಕದಲ್ಲೇ ಕೂರುತ್ತದೆ.

ಈ ಪದ್ಧತಿಗೂ ಮಿತಿಯಿದೆ. ಧರ್ಮದ ವರ್ಗದಲ್ಲಿ 220ರಿಂದ 280ರವರೆಗಿನ ವಿಭಾಗಗಳನ್ನು ಕ್ರೈಸ್ತ ಧರ್ಮಕ್ಕೆ ಕೊಟ್ಟು, ಉಳಿದ ಧರ್ಮಗಳನ್ನೆಲ್ಲ 290ರಲ್ಲಿ ಸೇರಿಸಲಾಯಿತು. ಇಸ್ಲಾಮಿಗೆ ದಕ್ಕಿದ್ದು 297. ವಿಂಗಡಿಸುವವನು ತನಗೆ ಹತ್ತಿರವಾದದ್ದಕ್ಕೆ ಹೆಚ್ಚು ಜಾಗ ಕೊಡುತ್ತಾನೆ ಎಂಬುದಕ್ಕೆ ಇದು ನಿದರ್ಶನ. ನಮ್ಮ ಬೀರುವನ್ನು ವಿಂಗಡಿಸುವಾಗ ನಾವೂ ಇದನ್ನು ನೆನಪಿಡಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ಅನ್ನದೀಮ್ ಹಿಜರಿ 377ರಲ್ಲಿ, ಅಂದರೆ ಕ್ರಿ.ಶ. 987-88ರಲ್ಲಿ, 'ಅಲ್ ಫಿಹ್ರಿಸ್ತ್' ಎಂಬ ಗ್ರಂಥಸೂಚಿ ರಚಿಸಿದರು. ಅದರ ಹತ್ತು ಭಾಗಗಳಲ್ಲಿ ಧರ್ಮಗ್ರಂಥ, ವ್ಯಾಕರಣ, ಇತಿಹಾಸ, ಕಾವ್ಯ, ಫಿಕ್ಹ್ ಇವೆ. ಗ್ರೀಕರ ತತ್ತ್ವಶಾಸ್ತ್ರ, ಗಣಿತ, ವೈದ್ಯವೂ ಇವೆ. ಭಾರತೀಯರ ಮತಪಂಥಗಳ ವಿವರಕ್ಕೂ ಅಲ್ಲಿ ಸ್ಥಳವಿದೆ.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಅವರೂ ಮೊದಲು ಅಧ್ಯಾಪಕರೇ. ಗಣಿತ ಕಲಿಸುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಓದುಗನ ಸಮಯ ಉಳಿಸುವುದೂ ಒಂದು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿಷಯಕ್ಕೇ ಮೀಸಲಾದ ತರಬೇತಿ ಕೇಂದ್ರ ಆರಂಭಿಸಿ, 1972ರಲ್ಲಿ ಅದೇ ಊರಿನಲ್ಲಿ ನಿಧನರಾದರು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸಂಸ್ಥೆಯ ಹಿರಿಯರು ಪುಸ್ತಕದ ಜೊತೆಗೆ ಅದನ್ನು ಸೂಚಿಗೆ ಸೇರಿಸುವ ಕೆಲಸಕ್ಕೂ ಒಂದಿಷ್ಟು ಹಣ, ಸಮಯ ತೆಗೆದಿಡಲಿ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಶಾಲೆಯ ಒಂದೇ ಒಂದು ಬೀರು ಆರಿಸಿಕೊಳ್ಳಿ. ಮೇಷ್ಟ್ರ ಅನುಮತಿ ಪಡೆದು, ಉರ್ದು ಬಲ್ಲವರೊಬ್ಬರು, ಕನ್ನಡ ಬಲ್ಲವರೊಬ್ಬರು ಜೊತೆಗೆ ಕೂತು ಲೇಖಕ, ಹೆಸರು, ವಿಷಯ ಬರೆಯಿರಿ. ವಿಷಯ ತಿಳಿಯದಿದ್ದರೆ 'ಇತರೆ' ಎಂದು ಬರೆದು ಮುಗಿಸಬೇಡಿ. ಮುನ್ನುಡಿ ಓದಿ, ಬಲ್ಲವರನ್ನು ಕೇಳಿ. ಪಟ್ಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಬೀಗದ ಕೈ ಯಾರ ಬಳಿ ಇದೆಯೆಂದೂ ಅದರ ಕೆಳಗೆ ಬರೆಯಿರಿ.

ಅಲ್ಲಾಹನು ನಮಗೆಲ್ಲ ಈ ಕೆಲಸದ ತೌಫೀಕ್ ನೀಡಲಿ. ಆಮೀನ್.