ಮಗು ಆಡಿದ ನಾಟಕ, ನಾವು ಕಲಿತ ಪಾಠ

(ತೋಟದ ಕುಟುಂಬಗಳ ಸಂಜೆಯ ಕೂಟದಲ್ಲಿ ಆಡಿದ ಮಾತುಗಳು)



ನಮ್ಮ ಮಗಳು ಈ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿ ನಾಟಕ ಆಡಿದ ಸಂಗತಿ ನಮ್ಮ ಪಾಡಿಯಲ್ಲಿ ಎಲ್ಲರಿಗೂ ಗೊತ್ತಿದೆ. ಅದನ್ನು ನೋಡಲು ನಾವು ಗಂಡ ಹೆಂಡತಿ ಇಬ್ಬರೂ ಎರಡು ದಿನದ ಹಾಜರಿ ಬಿಟ್ಟು ಹೋದೆವೆಂದು ನಕ್ಕವರೂ ಇದ್ದಾರೆ. ನಕ್ಕದ್ದು ತಪ್ಪಲ್ಲ. ಹೋಗುವ ಮುಂಚೆ ನಾವೂ ಹಾಗೆಯೇ ಎಣಿಸಿದವರು. ಅಲ್ಲಿ ಕಂಡದ್ದನ್ನು ಹೇಳಿರೆಂದು ಹಿರಿಯರು ಕೇಳಿಕೊಂಡಿದ್ದರಿಂದ ನಿಮ್ಮ ಮುಂದೆ ನಿಂತಿದ್ದೇವೆ. ಭಾಷಣ ಮಾಡಿ ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

ಶಾಲೆಗೆ ರಜೆ ಬಂತೆಂದರೆ ನಮ್ಮಂಥವರಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಚಿಗುರು ಉಕ್ಕಿ ಬರುತ್ತದೆ, ಆಗ ರಜೆ ಕೇಳುವಂತಿಲ್ಲ. ನಾವು ಬೆಳಿಗ್ಗೆ ಹೊರಟರೆ ಮಕ್ಕಳು ಸಂಜೆಯವರೆಗೆ ಬೀದಿಯ ಪಾಲು. ಒಂದು ಕಡೆ ಆನೆಯ ಭಯ, ಇನ್ನೊಂದು ಕಡೆ ಹಳ್ಳದ ಭಯ. ಅದಕ್ಕೇ ಈಸ್ಟರಿಗೆ ಬಂದ ಸೋದರಮಾವ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ನಾವು ಕೂಡಲೇ ಒಪ್ಪಿದೆವು. ಅಲ್ಲಿ ಅವನು ತನ್ನ ಮಕ್ಕಳ ಜೊತೆ ಇವಳನ್ನೂ ಒಂದು ನಾಟಕ ಶಿಬಿರಕ್ಕೆ ಸೇರಿಸಿದ.

ಮಕ್ಕಳ ನಾಟಕವೆಂಬುದು ಕನ್ನಡ ನಾಡಿನಲ್ಲಿ ಹೊಸದೇನೂ ಅಲ್ಲ. ಶಿವರಾಮ ಕಾರಂತರು ನಮ್ಮ ಕಾಸರಗೋಡಿನ ಗಡಿಗೆ ದೂರವಲ್ಲದ ಪುತ್ತೂರಿನಲ್ಲಿ ಮಕ್ಕಳನ್ನು ಕೂಡಿಸಿ ಆಡಿಸಿ ಕಲಿಸಿದವರು. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ ಒಬ್ಬ ಹಳ್ಳಿಯ ಹುಡುಗನೇ ಮುಂದೆ ಬಿ.ವಿ. ಕಾರಂತರೆಂದು ದೇಶಕ್ಕೆಲ್ಲ ಹೆಸರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಅದರ ಮೊದಲ ನಿರ್ದೇಶಕರು ಅವರೇ. ಅಲ್ಲಿ ಬೇಸಿಗೆಯಲ್ಲಿ ನಡೆಯುವ ‘ಚಿಣ್ಣರ ಮೇಳ’ ಬಹಳ ಪ್ರಸಿದ್ಧ. ಅಂಥ ಶಿಬಿರಗಳು ಈಗ ಅನೇಕ ಊರುಗಳಲ್ಲಿವೆ. ನಮ್ಮ ಮಗು ಹೋದದ್ದು ಒಂದು ಸಣ್ಣ ಶಿಬಿರಕ್ಕೆ.

ಮೊದಲ ವಾರವೇ ಫೋನು ಬಂತು. ಮಗು ಅಳುತ್ತಿದ್ದಳು, ಮನೆಗೆ ಬರುತ್ತೇನೆ ಎಂದಳು. ಕಾರಣ ಕೇಳಿದರೆ, ಅವಳ ಮಾತಿಗೆ ಉಳಿದ ಮಕ್ಕಳು ನಗುತ್ತಿದ್ದರಂತೆ. ‘ನಮ್ಮ ಪಾಡಿ’ ಎಂದರೆ ಅವರಿಗೆ ತಿಳಿಯದು, ಲೈನು ಮನೆ ಎಂದು ಹೇಳಿಕೊಡಬೇಕು. ‘ಅವ್ವ ಕೊಳುಂದು ಕೀಳುತ್ತಾಳೆ’ ಎಂದಾಗ ಎಲ್ಲರೂ ಗೊಳ್ಳೆಂದರಂತೆ. ಇಲ್ಲಿ ಶಾಲೆಯಲ್ಲಿ ತಮಿಳು ಸರಿಯಾಗಿ ಬಾರದೆಂದು ಬಾಯಿ ಮುಚ್ಚಿ ಕೂರುವ ಮಗು, ಅಲ್ಲಿ ಕನ್ನಡ ಸರಿಯಿಲ್ಲವೆಂದು ಬಾಯಿ ಮುಚ್ಚಬೇಕಾಯಿತು. ನಮಗೆ ಹೊಟ್ಟೆ ಉರಿಯಿತು. ಕರೆದುಕೊಂಡು ಬಾ ಎಂದೆವು. ಇನ್ನು ಎರಡು ದಿನ ತಾಳಿ ಎಂದ ಮಾವ.

ಆ ಎರಡು ದಿನದಲ್ಲಿ ನಡೆದದ್ದು ಇಷ್ಟು. ಕಲಿಸುವ ಮೇಷ್ಟ್ರು ಮಗುವನ್ನು ಮುಂದೆ ಕರೆದು, ಕೊಳುಂದು ಎಂದರೇನು, ಅದನ್ನು ಹೇಗೆ ಕೀಳುತ್ತಾರೆ ತೋರಿಸಮ್ಮ ಎಂದರಂತೆ. ಇವಳು ಎರಡು ಎಲೆ ಒಂದು ಮೊಗ್ಗು ಚಿವುಟಿ ಬೆನ್ನ ಹಿಂದಿನ ಚೀಲಕ್ಕೆ ಎಸೆಯುವುದನ್ನು ಮಾಡಿ ತೋರಿಸಿದಳಂತೆ. ನಕ್ಕ ಮಕ್ಕಳೇ ಅವಳ ಹಿಂದೆ ಸಾಲಾಗಿ ನಿಂತು ಅದನ್ನು ಕಲಿತರಂತೆ.

ನಾಟಕದ ದಿನ ನಾವು ಗೂಡಲೂರಿನಿಂದ ಬಸ್ಸು ಹತ್ತಿ ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರು ಸೇರಿದೆವು. ದಾರಿಯುದ್ದಕ್ಕೂ ಕೈಬಿಟ್ಟ ಕೂಲಿಯದೇ ಲೆಕ್ಕ. ನಮ್ಮ ಮಗಳೇ ರಾಣಿಯೋ ರಾಜಕುಮಾರಿಯೋ ಇರಬೇಕೆಂದು ಒಳಗೊಳಗೆ ಆಸೆಯೂ ಇತ್ತು.

ಆಡಿದ್ದು ಒಂದು ಗಿಳಿಯ ಕಥೆ. ರವೀಂದ್ರನಾಥ ಠಾಕೂರರ ಕಥೆ ಅದು, ಅದರಿಂದಲೇ ಬಿ.ವಿ. ಕಾರಂತರು ‘ಪಂಜರ ಶಾಲೆ’ ಎಂಬ ಮಕ್ಕಳ ನಾಟಕ ಮಾಡಿದ್ದರು. ಈ ಮಕ್ಕಳು ಕಥೆಯನ್ನು ತಮ್ಮ ರೀತಿಯಲ್ಲಿ ಕಟ್ಟಿಕೊಂಡಿದ್ದರು. ಹಾಡಿಕೊಂಡು ಹಾರಾಡುತ್ತಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಆಜ್ಞೆ ಮಾಡುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪುಸ್ತಕದ ರಾಶಿ ಬರುತ್ತದೆ. ಪಂಜರ ಮಾಡಿದವರಿಗೂ ಕಾವಲುಗಾರರಿಗೂ ಸಂಬಳ, ಇನಾಮು. ಗಿಳಿಯ ಬಾಯಿಗೆ ಮಾತ್ರ ಕಾಳಿಲ್ಲ, ಬರೀ ಕಾಗದ. ಕೊನೆಗೆ ಗಿಳಿ ಸಾಯುತ್ತದೆ.

ಪರದೆ ಎದ್ದಾಗ ಗಿಳಿ ಇದ್ದದ್ದು ಎಲ್ಲಿ ಬಲ್ಲಿರಾ? ಚಹಾ ತೋಟದಲ್ಲಿ! ಪೇಟೆಯ ಮಕ್ಕಳು ಸಾಲಾಗಿ ನಿಂತು ನಾವು ಕೀಳುವಂತೆಯೇ ಸೊಪ್ಪು ಕೀಳುತ್ತಿದ್ದರು. ನಾವು ದಿನವೂ ಸುಮ್ಮನೆ ಮಾಡುವ ಕೆಲಸವನ್ನು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಮ್ಮಿಬ್ಬರಿಗೂ ಗಂಟಲು ಕಟ್ಟಿತು.

ನಮ್ಮ ಮಗಳು ರಾಣಿಯಾಗಿರಲಿಲ್ಲ. ಕೊಳುಂದು ಕೀಳುವ ಹುಡುಗಿಯಾಗಿದ್ದಳು. ಎಲ್ಲರೂ ಪಂಜರವನ್ನು ಹೊಗಳುತ್ತಿರುವಾಗ, ಗಿಳಿಯನ್ನು ಯಾರಾದರೂ ಹೋಗಿ ನೋಡಿದ್ದೀರಾ ಎಂದು ರಾಜನನ್ನು ಕೇಳುವುದು ಅವಳ ಪಾಲಿನ ಮಾತು. ನಮ್ಮ ಪಾಡಿಯ ಮಾತಿನಲ್ಲೇ, ಕೊನೆಯ ಸಾಲಿಗೂ ಕೇಳುವಂತೆ ಕೇಳಿದಳು. ಯಾರೂ ನಗಲಿಲ್ಲ.

ಆ ಮಾತು ರಾಜನಿಗೆ ಹೇಳಿದ್ದಾದರೂ ತಾಗಿದ್ದು ನಮಗೆ. ಇವಳು ತರಗತಿಯಲ್ಲಿ ಬಾಯಿ ಬಿಡುವುದಿಲ್ಲವೆಂದು ಶಾಲೆಯವರು ದೂರಿದಾಗಲೆಲ್ಲ ನಾವು ಗದರಿದ್ದೇವೆ, ಒಂದೆರಡು ಬಾರಿ ಕೈಯನ್ನೂ ಎತ್ತಿದ್ದೇವೆ. ಪುಸ್ತಕ, ಸಮವಸ್ತ್ರ, ಟ್ಯೂಷನ್ ಎಂದು ಸಾಲ ಮಾಡಿದ್ದೇವೆ. ಯಾಕಮ್ಮ ಮಾತಾಡುವುದಿಲ್ಲ ಎಂದು ಹತ್ತಿರ ಕೂತು ಒಂದು ದಿನವೂ ಕೇಳಲಿಲ್ಲ. ಇದನ್ನು ನಾಚಿಕೆಯಿಂದಲೇ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ.

ನಾಟಕ ಮುಗಿಯುವಾಗ ಗಂಟೆ ಎಂಟು ದಾಟಿತ್ತು. 2009ರಿಂದ ಬಂಡೀಪುರದ ಕಾಡಿನ ರಸ್ತೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇದೆಯಲ್ಲ, ಹಾಗಾಗಿ ಮಾವನ ಮನೆಯಲ್ಲೇ ಉಳಿದು ಮಾರನೆಯ ದಿನ ಹೊರಟೆವು. ಎರಡನೆಯ ಹಾಜರಿ ಹೋದದ್ದು ಹೀಗೆ. ಬಸ್ಸಿನಲ್ಲಿ ಮಗು ಕೇಳಿದಳು: ‘ಅಪ್ಪ, ಇದನ್ನ ನಮ್ಮ ಪಾಡಿಯಲ್ಲಿ ಆಡೋಕಾಗಲ್ವಾ?’

ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತೇವೆ. 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ಬರೆದವರೇ ಮನೆ, ಆಸ್ಪತ್ರೆಯ ಜೊತೆಗೆ ಮಕ್ಕಳ ಶಾಲೆ, ಕಾರ್ಮಿಕರ ಮನರಂಜನೆ ಎರಡನ್ನೂ ಅದರಲ್ಲಿ ಸೇರಿಸಿದ್ದರು. ದುಡಿಯುವವರಿಗೂ ಅವರ ಮಕ್ಕಳಿಗೂ ಆಟಪಾಟ ಬೇಕೆಂಬುದು ಹೊಸ ಮಾತಲ್ಲ. ಕ್ರಿಸ್ಮಸಿಗೆ ಕಂಬಳಿ ಹೊದಿಸಿ ಮಕ್ಕಳನ್ನು ಕುರುಬರನ್ನಾಗಿ ಮಾಡುವ ನಮಗೆ ಬೇಸಿಗೆಯಲ್ಲಿ ಹತ್ತು ಸಂಜೆ ನಾಟಕ ಕಲಿಸುವುದು ಕಷ್ಟವೇ? ತೂಕ ಮುಗಿದ ಮೇಲೆ ಎರಡು ಗಂಟೆ ಸಾಕು. ಹಳೆಯ ಪತ್ರಿಕೆಗೆ ಮೈದಾ ಅಂಟು ಹಚ್ಚಿದರೆ ಮುಖವಾಡವಾಗುತ್ತದೆ. ಹಾಡು ಬಲ್ಲ ಅಜ್ಜಿಯರಿದ್ದಾರೆ, ತಮಟೆ ಬಾರಿಸುವ ಹುಡುಗರಿದ್ದಾರೆ. ಮಕ್ಕಳು ಮನೆಯ ಮಾತಿನಲ್ಲೇ ಆಡಲಿ. ತಮಿಳೋ ಮಲೆಯಾಳವೋ ಬೆರೆತರೆ ಬೆರೆಯಲಿ.

ಒಂದೇ ಒಂದು ಬೇಡಿಕೆ. ಆಡುವ ದಿನ ತಂದೆ ತಾಯಂದಿರೆಲ್ಲ ಬಂದು ಮುಂದೆ ಕೂರಬೇಕು. ವೇದಿಕೆ ಹತ್ತಿದ ಕೂಡಲೇ ನಮ್ಮ ಮಗಳು ಮೊದಲು ಹುಡುಕಿದ್ದು ನಮ್ಮ ಮುಖವನ್ನು. ಎರಡು ಹಾಜರಿಯ ಆಸೆಗೆ ಹೋಗದೆ ಉಳಿದಿದ್ದರೆ ಆ ಜಾಗ ಖಾಲಿ ಇರುತ್ತಿತ್ತು.