ಕುತ್ತಿಗೆಗೆ ಪೆಟ್ಟು: ವೈದ್ಯರ ಐದು ಪ್ರಶ್ನೆಗಳು



ಸ್ಕೂಟರಿನಿಂದ ಯಾರಾದರೂ ಬಿದ್ದರೆ ನಾವು ಓಡಿಹೋಗಿ ಮೊದಲು ಮಾಡುವ ಕೆಲಸವೆಂದರೆ ಅವರನ್ನು ಎಬ್ಬಿಸಿ, ಕೂರಿಸಿ, ನೀರು ಕುಡಿಸುವುದು. ಉದ್ದೇಶ ಒಳ್ಳೆಯದೇ. ಆದರೆ ಕುತ್ತಿಗೆಯ ಮೂಳೆ ಮುರಿದಿದ್ದರೆ ಈ ಉಪಚಾರವೇ ಅಪಾಯ ತರಬಹುದು.

ಕುತ್ತಿಗೆಯಲ್ಲಿ ಬೆನ್ನುಮೂಳೆಯ 7 ಮಣಿಗಳಿವೆ. ಅವುಗಳೊಳಗಿನ ನಾಳದಲ್ಲಿ ಬೆನ್ನುಹುರಿ ಹಾದುಹೋಗುತ್ತದೆ. ಕೈಕಾಲುಗಳಿಗೆ ಮೆದುಳಿನ ಆಜ್ಞೆ ಸಾಗುವುದು ಈ ದಾರಿಯಲ್ಲೇ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ನರಗಳೂ ಕುತ್ತಿಗೆಯಿಂದಲೇ ಹೊರಡುತ್ತವೆ. ಮಣಿ ಮುರಿದರೂ ಹುರಿ ಸುರಕ್ಷಿತವಾಗಿ ಉಳಿದಿರಬಹುದು. ಮುರಿದ ಮಣಿ ಜರುಗಿದರೆ ಹುರಿಯೂ ಜಜ್ಜಿಹೋದೀತು.

ಹಾಗೆಂದು ಬಿದ್ದವರೆಲ್ಲರಿಗೂ ಎಕ್ಸ್-ರೇ ಬೇಕೆ? ಅಮೆರಿಕದ 21 ಆಸ್ಪತ್ರೆಗಳಲ್ಲಿ 34,069 ಮಂದಿಯ ಮೇಲೆ ನಡೆದು, 2000ದಲ್ಲಿ ಪ್ರಕಟವಾದ 'ನೆಕ್ಸಸ್' ಅಧ್ಯಯನ ಐದು ಪ್ರಶ್ನೆಗಳನ್ನು ಪರೀಕ್ಷೆಗೆ ಒಡ್ಡಿತು. ಕುತ್ತಿಗೆಯ ಹಿಂಬದಿಯ ನಟ್ಟನಡುವೆ ಒತ್ತಿದರೆ ನೋವಿದೆಯೇ? ಮದ್ಯ ಮುಂತಾದವುಗಳ ಅಮಲಿದೆಯೇ? ಎಚ್ಚರ ಮಂಕಾಗಿದೆಯೇ? ಕೈಕಾಲುಗಳಲ್ಲಿ ಬಲಹೀನತೆ ಅಥವಾ ಸ್ಪರ್ಶಜ್ಞಾನದ ಕೊರತೆ ಕಾಣುತ್ತಿದೆಯೇ? ಗಮನವನ್ನೆಲ್ಲ ಸೆಳೆಯುವಂಥ ನೋವಿನ ಗಾಯ ಬೇರೆಡೆ ಇದೆಯೇ? ಐದಕ್ಕೂ ಉತ್ತರ 'ಇಲ್ಲ' ಎಂದಾದರೆ ಚಿತ್ರ ತೆಗೆಯುವ ಅಗತ್ಯವಿಲ್ಲ. ಒಂದಕ್ಕೆ 'ಹೌದು' ಎಂದಾದರೂ ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನ್ ಬೇಕು.

ಇಲ್ಲಿನ ತರ್ಕವನ್ನು ಗಮನಿಸಿ. ತೊಡೆಯ ಮೂಳೆ ಮುರಿದವನಿಗೆ ಕುತ್ತಿಗೆಯ ನೋವು ತಿಳಿಯದೆ ಹೋಗಬಹುದು. ಅಮಲಿನಲ್ಲಿರುವವನು "ನನಗೇನೂ ಆಗಿಲ್ಲ" ಎಂದೇ ಹೇಳಬಹುದು. ರೋಗಿಯ ಮಾತನ್ನು ನಂಬುವ ಮುನ್ನ, ಹಾಗೆ ಹೇಳುವ ಸ್ಥಿತಿಯಲ್ಲಿ ಅವನಿದ್ದಾನೆಯೇ ಎಂದು ವೈದ್ಯರು ನೋಡುತ್ತಾರೆ.

ಆ ಅಧ್ಯಯನದಲ್ಲಿ 818 ಮಂದಿಗೆ ನಿಜವಾಗಿಯೂ ಪೆಟ್ಟಾಗಿತ್ತು. ಪ್ರಶ್ನೆಗಳು 810 ಮಂದಿಯನ್ನು ಗುರುತಿಸಿದವು. ತಪ್ಪಿಹೋದ 8 ಮಂದಿಯಲ್ಲಿ ಇಬ್ಬರ ಪೆಟ್ಟು ಮಾತ್ರ ಗಣನೀಯವಾಗಿತ್ತು. ವಯಸ್ಸಾದವರಲ್ಲಿ ಇನ್ನೂ ಎಚ್ಚರ ಬೇಕು. 2001ರಲ್ಲಿ ಪ್ರಕಟವಾದ ಕೆನಡಾದ ನಿಯಮದ ಪ್ರಕಾರ, ಇಂಥ ಪೆಟ್ಟು ಬಿದ್ದವರಿಗೆ 65 ವರ್ಷ ತುಂಬಿದ್ದರೆ ನೇರವಾಗಿ ಚಿತ್ರವನ್ನೇ ತೆಗೆಯಬೇಕು.

ಈ ಪರೀಕ್ಷೆ ವೈದ್ಯರ ಕೆಲಸ. ನಮ್ಮ ಕೆಲಸ ಬೇರೆ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎತ್ತಬೇಡಿ. ತಲೆ ಅಲುಗದಂತೆ ಎರಡೂ ಬದಿಯಿಂದ ಕೈಯಿಂದ ಹಿಡಿದುಕೊಳ್ಳಿ. ಎದುರಿಗೆ ನಿಂತು ಮಾತನಾಡಿಸಿ. ಅವರು ಕತ್ತು ಹೊರಳಿಸುವಂತಾಗಬಾರದು. 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಮಾತ್ರ ಉಸಿರೇ ಮೊದಲು, ಕುತ್ತಿಗೆ ಆಮೇಲೆ. ಹೇಗೆ ಬಿದ್ದರು, ಬಿದ್ದ ಮೇಲೆ ಕೈಕಾಲು ಆಡಿಸಿದರೇ ಎಂಬುದನ್ನು ವೈದ್ಯರಿಗೆ ತಿಳಿಸಿ. ನೀವು ಕಂಡದ್ದು ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.